ದಾವಣಗೆರೆಯ ಬಲಗಾಲು

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಗೊತ್ತಿರಲಿಲ್ಲ ಅನ್ನಬೇಡಿ. ಇಡೀ ದಾವಣಗೆರೆಯನ್ನು ಬಲಗಾಲಿನ ಹೆಬ್ಬೆರಳಿನಲ್ಲಿ ನಿಲ್ಲಿಸಿದವನು ನಾನು. ಲಾರಿ, ಬಸ್ಸು, ಶಾಸಕರ ಗಾಡಿ, ಶಾಸಕರ ಹಿಂದೆ ಓಡುವ ಗಾಡಿ, ಮನೆಮನೆಗೆ ಬೆಣ್ಣೆದೋಸೆ ಮುಟ್ಟಿಸುವ ಪುಟ್ಟ ಡಬ್ಬಿಗಾಡಿ, ಎಲ್ಲವೂ. ಸಿನಿಮಾದಲ್ಲಿ ಹೀರೋ ಬರಿಗೈಯಲ್ಲಿ ರೈಲು ನಿಲ್ಲಿಸುವುದನ್ನು ನೀವು ನೋಡಿರುತ್ತೀರಿ. ಅವನಿಗೆ ಹಿಂದಿನಿಂದ ಹಗ್ಗ ಕಟ್ಟಿರುತ್ತಾರೆ. ನನಗೆ ಹಗ್ಗ ಇರಲಿಲ್ಲ. ಕುರ್ಚಿಯಲ್ಲಿ ಕೂತಿದ್ದೆ, ಚಪ್ಪಲಿ ಕೂಡ ಹಾಕಿರಲಿಲ್ಲ. "ಈ ಕಾಲು ನೆಲಕ್ಕೆ ಬಿದ್ರೆ ಧೂಳು ಏಳಲ್ಲ, ಊರೇ ಎದ್ದು ನಿಲ್ತತಿ" ಅಂತ ಇದಕ್ಕೆಂದೇ ಒಂದು ಡೈಲಾಗು ಬರೆದಿಟ್ಟುಕೊಂಡಿದ್ದೇನೆ. ನಿರ್ಮಾಪಕರು ಯಾರಾದರೂ ಓದುತ್ತಿದ್ದರೆ ಫೋನ್ ಮಾಡಬಹುದು.

ಹೆಸರು ಕಲ್ಲೇಶಿ. ಮುತ್ತಜ್ಜನ ಹೆಸರು. ನಮ್ಮ ಕಾಲದಲ್ಲಿ ಇಂಥ ಹೆಸರುಗಳೇ ಫ್ಯಾಶನ್. ನನ್ನ ಕ್ಲಾಸಿನಲ್ಲಿ ಮೂವರು ಕಲ್ಲೇಶಿ, ಇಬ್ಬರು ದುರುಗಪ್ಪ ಇದ್ದರು. ಅವ್ವನ ಹೆಸರು ಸಿಂಚನಾ. ಅದು ಈಗ ಮುದುಕಿಯರ ಹೆಸರು. ಅಪ್ಪ ನಾನು ಚಿಕ್ಕವನಿದ್ದಾಗಲೇ ತೀರಿಕೊಂಡ. ಮನೆಯಲ್ಲಿ ನಾವಿಬ್ಬರೇ.

ಅವ್ವ ಒಂದು ಕಾಲದಲ್ಲಿ ಸ್ಕೂಲ್ ವ್ಯಾನ್ ಓಡಿಸುತ್ತಿದ್ದಳು. ಕೈಯಲ್ಲಿ ಸ್ಟೀರಿಂಗ್ ಹಿಡಿದು, ಗೇರ್ ಬದಲಿಸಿ, ಹಿಂದೆ ಕಿತ್ತಾಡುವ ಹುಡುಗರನ್ನು ಕನ್ನಡಿಯಲ್ಲೇ ಗದರಿಸುತ್ತಾ. ಆಮೇಲೆ ತಾನೋಡಿಗಳು ಬಂದವು. ತಾನೇ ಓಡುವ ಗಾಡಿಗೆ ನಮ್ಮೂರಿನವರು ಇಟ್ಟ ಹೆಸರು ಅದು. ಕೈಯಿಂದ ಓಡಿಸುವುದನ್ನು ಊರೊಳಗೆ ನಿಷೇಧಿಸಿದರು. ನನ್ನ ವಯಸ್ಸಿನವರಿಗೆ ಇದರಿಂದ ಕೂದಲೂ ಕೊಂಕಲಿಲ್ಲ. ಗಾಡಿ ಓಡಿಸುವುದೆಂದರೆ ನಮಗೆ ಬೀಡಿ ಸೇದಿದ ಹಾಗೆ, ಹಳಬರ ಚಟ. ಎರಡೂ ಕೈಯನ್ನು ಒಂದು ಚಕ್ರಕ್ಕೆ ಒಪ್ಪಿಸಿ, ಫೋನ್ ಮುಟ್ಟದೆ, ಮುಂದೆಯೇ ನೋಡುತ್ತಾ ಗಂಟೆಗಟ್ಟಲೆ ಕೂರಬೇಕಂತೆ. ಅದು ಪ್ರಯಾಣವೋ ಶಿಕ್ಷೆಯೋ? ಹದಿನೆಂಟು ತುಂಬಿದ ದಿನವೇ ಲೈಸೆನ್ಸಿಗೆ ಓಡಿದ್ದೆ ಅಂತ ಅವ್ವ ಹೇಳಿದಾಗ ನನ್ನ ಗೆಳೆಯರು ಅವಳ ಬಗ್ಗೆ ನಿಜವಾಗಿ ಮರುಕಪಟ್ಟಿದ್ದರು.

ತೊಂದರೆ ಇದ್ದದ್ದು ಬೇರೆ ಕಡೆ. ತಾನೋಡಿಗೆ ಕಣ್ಣಿದೆ, ಲೆಕ್ಕ ಇದೆ, ಭಯ ಇಲ್ಲ. ರಸ್ತೆಯಲ್ಲಿ ಬಿದ್ದಿರುವುದು ಗೋಣಿಚೀಲವೋ ಮಲಗಿದ ನಾಯಿಯೋ, ಅಂಚಿನಲ್ಲಿ ನಿಂತ ಮುದುಕ ಈಗ ದಾಟುತ್ತಾನೋ ಎಲೆಅಡಿಕೆ ಉಗುಳಿ ಸುಮ್ಮನಾಗುತ್ತಾನೋ, ಇದು ಲೆಕ್ಕಕ್ಕೆ ಸಿಗುವುದಿಲ್ಲ. ಮೊದಮೊದಲು ಅವು ಪ್ರತಿ ಅನುಮಾನಕ್ಕೂ ನಿಂತುಬಿಡುತ್ತಿದ್ದವು. ಮಂಡಿಪೇಟೆಯಲ್ಲಿ ಒಂದು ತಾನೋಡಿ ಹಾರಾಡುವ ಪ್ಲಾಸ್ಟಿಕ್ ಕವರಿನ ಎದುರು ಅರ್ಧ ದಿನ ಕೈಮುಗಿದು ನಿಂತಿತ್ತಂತೆ. ಆಗ ಯಾರೋ ವಿಜ್ಞಾನಿಗಳು ಒಂದು ಸಂಗತಿ ಕಂಡುಹಿಡಿದರು. ವರ್ಷಗಟ್ಟಲೆ ನಿಜವಾದ ರಸ್ತೆಯಲ್ಲಿ ಗಾಡಿ ಓಡಿಸಿದವರ ಬಲಗಾಲು, ಅಪಾಯ ಕಂಡಾಗ, ತಲೆಗೆ ತಿಳಿಯುವ ಮೊದಲೇ ಬ್ರೇಕಿನ ಕಡೆ ಮಿಡಿಯುತ್ತದೆ. ಆ ಕಾಲಿಗೆ ಒಂದು ಪಟ್ಟಿ ಕಟ್ಟಿ, ಎದುರಿಗೆ ಪರದೆ ಇಟ್ಟು, ತಾನೋಡಿಗಳಿಗೆ ಬಂದ ಅನುಮಾನಗಳನ್ನು ಒಂದೊಂದಾಗಿ ತೋರಿಸಿದರೆ ಸಾಕು. ಕಾಲು ಇಳಿದರೆ ಅಪಾಯ, ನಿಲ್ಲು. ಕಾಲು ಹಗುರಾದರೆ ಸರಿ, ಹೋಗು. ಒಂದು ಗೋಣಿಚೀಲಕ್ಕೆ ಕಾಲು ಹೇಳಿದ ಮಾತನ್ನು ಯಂತ್ರ ಆ ಹೊತ್ತಿನಲ್ಲಿ ಊರಿನ ಅಂಥ ಎಲ್ಲ ಗೋಣಿಚೀಲಗಳಿಗೂ ಅನ್ವಯಿಸುತ್ತದೆ. ಬೇಕೆಂದು ತುಳಿದರೆ ನಡೆಯುವುದಿಲ್ಲ, ಬೇಕೆಂದು ಎತ್ತಿದರೂ ಇಲ್ಲ. ಯೋಚಿಸಿದ ಕಾಲು ಒಂದು ಕೂದಲೆಳೆ ತಡವಾಗುತ್ತದೆ, ಯಂತ್ರ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಹೀಗೆ ಪ್ರತಿ ಊರಿಗೂ ಒಂದು ಕಂಟ್ರೋಲ್ ರೂಮು ಬಂತು. ನಮ್ಮಲ್ಲಿ ಅದನ್ನು ಕಾಲುಮನೆ ಅನ್ನುತ್ತಾರೆ. ಮೊದಲು ಅಲ್ಲಿ ಸಾಲುಸಾಲು ಕುರ್ಚಿಗಳಿದ್ದವು, ಸಾಲುಸಾಲು ಹಳೆಯ ಡ್ರೈವರುಗಳಿದ್ದರು. ಒಬ್ಬರಿಗೆ ಮಂಡಿ ಹೋಯಿತು, ಒಬ್ಬರಿಗೆ ಸಕ್ಕರೆ ಕಾಯಿಲೆ ಬಂದು ಪಾದ ಜೋಮು ಹಿಡಿಯಿತು, ಕೆಲವರು ಸತ್ತರು. ಹೊಸಬರು ಬರಲಿಲ್ಲ. ಸರಕಾರ ಸಂಬಳ ಕೊಟ್ಟು ಡ್ರೈವಿಂಗ್ ಕಲಿಸುತ್ತೇನೆ ಅಂದಿತು. ನಮ್ಮ ಕಾಲೇಜಿನಲ್ಲಿ ಅಂಟಿಸಿದ ಪೋಸ್ಟರಿನ ಹುಡುಗಿಗೆ ನಾನೇ ಮೀಸೆ ಬರೆದಿದ್ದೇನೆ. ಬೇರೆ ಊರಿನ ಕಾಲು ತಂದರೂ ಹೊಂದಲಿಲ್ಲ. ಒಮ್ಮೆ ಬೆಂಗಳೂರಿನ ಕಾಲೊಂದನ್ನು ಕರೆಸಿದ್ದರು. ಅದು ಬಂದಾಗಿನಿಂದ ಹೋಗುವವರೆಗೆ ಬ್ರೇಕಿನ ಮೇಲೇ ಇತ್ತು.

ಕೊನೆಗೆ ಉಳಿದದ್ದು ಅವ್ವನ ಕಾಲೊಂದೇ. ಕಿಟಕಿಯಿಲ್ಲದ ರೂಮು, ಒಂದು ಕುರ್ಚಿ, ಹಗಲೆಲ್ಲ ಅವಳು. ಅವಳು ಮನೆಗೆ ಬಂದು ಮಲಗಿದಾಗ ಊರಿನ ಗಾಡಿಗಳೆಲ್ಲ ಎತ್ತಿನಗಾಡಿಯ ವೇಗಕ್ಕೆ ಇಳಿಯುತ್ತಿದ್ದವು. ಬದಲಿ ಕಾಲು ಸಿಗುವವರೆಗೆ ಊರಿನ ಗಡಿ ದಾಟುವಂತಿಲ್ಲ ಅಂತ ಅವಳಿಗೆ ಆದೇಶ. ತವರಿನಲ್ಲಿ ಅಜ್ಜಿ ತೀರಿಕೊಂಡಾಗಲೂ ಅವಳು ಪರದೆಯ ಮೇಲೆ ಮಣ್ಣು ಮಾಡುವುದನ್ನು ನೋಡಿ, ಮೂಗು ಒರೆಸಿಕೊಂಡು, ಮುಂದಿನ ಅನುಮಾನಕ್ಕೆ ಕಾಲು ಕೊಟ್ಟಳು.

ನಾನಾಗ ಏನು ಮಾಡುತ್ತಿದ್ದೆ? ಕಲಾಸೇವೆ. ಒಂದು ಸಲ ರಟ್ಟಿನಲ್ಲಿ ಹಸು ಕತ್ತರಿಸಿ, ಚೆನ್ನಾಗಿ ಬಣ್ಣ ಹಚ್ಚಿ, ಜಯದೇವ ಸರ್ಕಲ್ಲಿನಲ್ಲಿ ರಸ್ತೆಗೆ ಅಡ್ಡ ನಿಲ್ಲಿಸಿದೆ. ತಾನೋಡಿಗಳು ನಿಂತರೆ ಅವುಗಳ ಎದುರು ಹೋಗಿ "ಗೋವಿಗೆ ಎದುರಾದೋನು ಗೋಡೆಗೆ ಫೋಟೋ ಆಗ್ತಾನೆ" ಅಂತ ಒಂದು ಡೈಲಾಗು ಹೊಡೆದು ವಿಡಿಯೋ ಮಾಡುವುದು ನನ್ನ ಯೋಜನೆ. ಒಂದು ಗಾಡಿಯೂ ನಿಲ್ಲಲಿಲ್ಲ. ಮೊದಲು ಬಂದದ್ದೇ ನನ್ನ ಹಸುವನ್ನು ಹೊಟ್ಟೆಯ ಮಧ್ಯೆ ಸೀಳಿಕೊಂಡು ಹೋಯಿತು. ಫೋನ್ ಹೊಡೆದುಕೊಂಡಿತು. ಅವ್ವ.

"ಲೇ ಕಲ್ಲೇಶಿ, ಹಸಾ ಎತ್ಕೊಂಡು ಮನಿಗ್ ನಡಿ. ಬರೋವಾಗ ಕೊತ್ತಂಬ್ರಿ ತಗೊಂಬಾ."

ಅವಳ ಕಾಲು ಒಂದಿಷ್ಟೂ ಅಲ್ಲಾಡಿರಲಿಲ್ಲ.

ಆದರೆ ಮನೆಯಲ್ಲಿ ಅದು ಸುಮ್ಮನಿರುತ್ತಿರಲಿಲ್ಲ. ಹಾಲು ಉಕ್ಕಿದರೆ ಬ್ರೇಕು. ಪಕ್ಕದ ಮನೆಯ ಕೂಸು ಮೆಟ್ಟಿಲ ಹತ್ತಿರ ಅಂಬೆಗಾಲಿಟ್ಟರೆ ಬ್ರೇಕು. ನಾವಿಬ್ಬರೂ ಹಳೆಯ ಸಿನಿಮಾ ಹುಚ್ಚರು. ಭಾನುವಾರ ಚುರುಮುರಿ, ಮೆಣಸಿನಕಾಯಿ ಬಜ್ಜಿ ಇಟ್ಟುಕೊಂಡು ನೋಡಲು ಕೂತರೆ, ಚೇಸಿಂಗ್ ಸೀನಿನಲ್ಲಿ ಅವಳ ಕಾಲು ಚಾಪೆಯನ್ನು ಒತ್ತೀ ಒತ್ತೀ ಹಿಮ್ಮಡಿ ಇರುವ ಕಡೆ ಚಾಪೆಯೇ ಸವೆದಿತ್ತು. ಒಂದು ಭಾನುವಾರ ಹೀರೋ ಸೇತುವೆಯ ಮೇಲಿಂದ ಜೀಪು ಹಾರಿಸುತ್ತಿದ್ದಾಗ ಅವಳು ಚುರುಮುರಿ ತಟ್ಟೆ ಪಕ್ಕಕ್ಕಿಟ್ಟಳು.

"ಆರು ವರ್ಷ ಆತು ನೋಡ್ಲೇ. ಬರೇ ಬ್ರೇಕೇ ತುಳಿದೀನಿ. ಒಂದೇ ಒಂದ್ಸಲ ಆಕ್ಸಿಲರೇಟರ್ ತುಳದಿಲ್ಲ."

ನಾನು ಸಿನಿಮಾ ನಿಲ್ಲಿಸಿದೆ, ಜೀಪು ಗಾಳಿಯಲ್ಲೇ ಉಳಿಯಿತು.

ಆಮೇಲೆ ಅವಳು ರುಕ್ಸಾನಾ ಆಂಟಿಯ ವಿಷಯ ಹೇಳಿದಳು. ಅವ್ವನ ಜತೆ ಅದೇ ಶಾಲೆಗೆ ವ್ಯಾನ್ ಓಡಿಸುತ್ತಿದ್ದ ಗೆಳತಿ. ಚಳ್ಳಕೆರೆಯ ಆಚೆ ಬಯಲಿನಲ್ಲಿ ಹಳೆಯ ಡ್ರೈವರುಗಳಿಗೆ ಒಂದು ಜಾಗ ಮಾಡಿದ್ದಾರಂತೆ. ಕೈಗಾಡಿ ಬಯಲು, ಅಂದರೆ ಕೈಯಿಂದ ಓಡಿಸುವ ಗಾಡಿಗಳ ಬಯಲು. ಬೇಲಿ ಹಾಕಿದ ಹುಲ್ಲುಗಾವಲು, ಕಣ್ಣು ಹೋದಷ್ಟು ದೂರ ಖಾಲಿ ರಸ್ತೆ, ಯಾರು ಎಷ್ಟು ಬೇಕಾದರೂ ಓಡಿಸಬಹುದು. ಸಾಲಾಗಿ ಪುಟ್ಟ ಪುಟ್ಟ ಮನೆಗಳು. ಆಂಟಿಯ ಪಕ್ಕದ ಮನೆ ಖಾಲಿ ಇದೆ. ಅಲ್ಲಿ ಹೋಗಿ ಇದ್ದುಬಿಡುತ್ತೇನೆ ಅಂತ ಅವ್ವನ ಆಸೆ. ನಾನು ಬರುವುದಾದರೆ ಬರಬಹುದು, ಆದರೆ ಬರುವಂತಿಲ್ಲ. ಏಕೆಂದರೆ ಅವ್ವ ಕುರ್ಚಿ ಬಿಡಬೇಕಾದರೆ ಅದರಲ್ಲಿ ಇನ್ನೊಬ್ಬರು ಕೂರಬೇಕು, ಆ ಇನ್ನೊಬ್ಬ ನಾನಲ್ಲದೆ ಬೇರೆ ಯಾರೂ ಕಾಣುತ್ತಿರಲಿಲ್ಲ. ಅವಳು ನನ್ನ ಕಡೆ ನೋಡಲಿಲ್ಲ. ಪರದೆಯ ಕಡೆ ನೋಡುತ್ತಲೇ ಚುರುಮುರಿಯಲ್ಲಿ ಕಡಲೆಬೀಜ ಹುಡುಕುತ್ತಿದ್ದಳು. ಅವಳು ಕೇಳಲಿಲ್ಲ, ಕೇಳುವುದೂ ಇಲ್ಲ ಅಂತ ನನಗೆ ಗೊತ್ತಿತ್ತು.

ಎದ್ದು ನಿಂತೆ. ಎದೆ ಉಬ್ಬಿಸಿದೆ. "ಅವ್ವಾ, ನಿನ್ನ ಸಂಕೋಲೆ ಕಡಿಯೋ ಗರಗಸ ನಿನ್ನ ಹೊಟ್ಟ್ಯಾಗೇ ಹುಟ್ಟೈತಿ" ಅಂದೆ.

"ಆ ಗರಗಸಕ್ಕ ಮೊದ್ಲು ಸೈಕಲ್ ಹೊಡೆಯಾಕ ಬರ್ತತೇನು ಕೇಳು" ಅಂದಳು. ಆದರೆ ಆ ದಿನ ನನಗೆ ಎರಡು ಮೆಣಸಿನಕಾಯಿ ಜಾಸ್ತಿ ಕೊಟ್ಟಳು.

ಕಾಲುಮನೆಯ ಮೇಲಧಿಕಾರಿ ಬಣಕಾರ್ ಸರ್. ನಾನು ಕಲಿಯುತ್ತೇನೆ ಅಂದಾಗ ಅವರು ನನ್ನ ಮುಖ ನೋಡಿ, ಇದು ಯಾವುದೋ ಕುಚೇಷ್ಟೆಯ ವಿಡಿಯೋ ಇರಬೇಕೆಂದು ರೂಮಿನ ಮೂಲೆಗಳಲ್ಲಿ ಕ್ಯಾಮೆರಾ ಹುಡುಕಿದರು. ನಂಬಿಕೆ ಬಂದ ಮೇಲೆ, ಇಲಾಖೆಯ ಶೆಡ್ಡಿನಲ್ಲಿ ಕೊಳೆಯುತ್ತಿದ್ದ ಒಂದು ಹಳೆಯ ಕೈಗಾಡಿಯನ್ನು ಮುಚ್ಚಿಹೋದ ಎಪಿಎಂಸಿ ಯಾರ್ಡಿಗೆ ಎಳೆಸಿಕೊಟ್ಟರು. ಕಂಪ್ಯೂಟರಿನಲ್ಲಿ ಕಲಿತರೆ ಕಾಲು ಕಲಿಯುವುದಿಲ್ಲ. ಮೈಗೆ ಗೊತ್ತಿರುತ್ತದೆ, ಇದು ಆಟ ಅಂತ.

ಬೆಳಗ್ಗೆ ಕುರ್ಚಿಗೆ ಹೋಗುವ ಮುಂಚೆ ಅವ್ವ ಪಕ್ಕದಲ್ಲಿ ಕೂತು ಹೇಳಿಕೊಡುತ್ತಿದ್ದಳು. ಕ್ಲಚ್ ಅನ್ನುವ ಒಂದು ವಸ್ತು ಇದೆ. ಅದನ್ನು ಕಂಡುಹಿಡಿದವನಿಗೆ ಎಡಗಾಲಿನ ಮೇಲೆ ಏನು ಸಿಟ್ಟಿತ್ತೋ ಗೊತ್ತಿಲ್ಲ. ಗಾಡಿ ಕಪ್ಪೆಯ ಹಾಗೆ ಹಾರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಹಾರುತ್ತಿತ್ತು. ಅವ್ವ ಒಂದು ಕೈಯಲ್ಲಿ ಡ್ಯಾಶ್‌ಬೋರ್ಡು ಹಿಡಿದುಕೊಂಡು, ಸ್ಕೂಲ್ ಮಕ್ಕಳಿಗೆಂದು ಬಾಯಲ್ಲೇ ತಡೆದಿಟ್ಟಿದ್ದ ಬೈಗುಳಗಳನ್ನೆಲ್ಲ ಈಗ ಬಡ್ಡಿ ಸೇರಿಸಿ ನನಗೆ ಕೊಡುತ್ತಿದ್ದಳು. ಅವಳನ್ನು ಅಷ್ಟು ಖುಷಿಯಾಗಿ ನಾನು ಯಾವತ್ತೂ ನೋಡಿರಲಿಲ್ಲ. ತಾನೂ ಒಂದು ಸುತ್ತು ಓಡಿಸುತ್ತೇನೆ ಅಂತ ಕೇಳಿದ್ದಳು. ಬಣಕಾರ್ ಸರ್ ಒಪ್ಪಲಿಲ್ಲ. ಆ ಕಾಲಿಗೆ ಏನಾದರೂ ಆದರೆ ಊರಿಗೆ ಯಾರು ಹೊಣೆ?

ಮಳೆಗಾಲ ಮುಗಿಯುವ ಹೊತ್ತಿಗೆ ನಾನು ಗೋಡೆಗೆ ಗುದ್ದದೆ ಓಡಿಸುತ್ತಿದ್ದೆ. ಕಾಲು ಮಾತ್ರ ಮಿಡಿಯುತ್ತಿರಲಿಲ್ಲ. ಹುಲ್ಲಿನ ಬೊಂಬೆಗಳನ್ನು ಗಾಡಿಗೆ ಅಡ್ಡ ತಳ್ಳಿದರು. ನಾನು ನಗುತ್ತಾ ಹತ್ತಿಸಿದೆ. ಪಟಾಕಿ ಹೊಡೆದರು, ಶಿಳ್ಳೆ ಹಾಕಿದೆ. "ಇವ್ನ ಕಾಲಿಗೆ ಗಂಭೀರ ಅನ್ನೋದೇ ಇಲ್ಲಪಾ" ಅಂತ ಬಣಕಾರ್ ಸರ್ ಕೈಚೆಲ್ಲಿದ ದಿನವೇ, ಯಾರ್ಡಿನಲ್ಲಿ ಚೆಲ್ಲಿದ್ದ ಮೆಕ್ಕೆಜೋಳ ತಿನ್ನಲು ಬಂದ ಒಂದು ಮೇಕೆ ಕಂಬದ ಮರೆಯಿಂದ ನನ್ನ ಗಾಡಿಯ ಮುಂದೆ ನೆಗೆಯಿತು. ಗಾಡಿ ಕಿರುಚಿ ನಿಂತಿತು. ನಾನು ನಿಲ್ಲಿಸಿರಲಿಲ್ಲ, ನಿಂತ ಮೇಲೆ ನನಗೆ ಗೊತ್ತಾಯಿತು. ಮೇಕೆ ಬಾನೆಟ್ಟಿನ ಆಚೆ ನಿಂತು ಜೋಳ ಅಗಿಯುತ್ತಾ ನನ್ನನ್ನೇ ನೋಡುತ್ತಿತ್ತು. ನನ್ನ ಪಾದದಲ್ಲಿ ಯಾರೋ ಬೇರೆಯವರು ಹೊಕ್ಕಿದ್ದಾರೆ ಅನ್ನಿಸಿತು. ಅವ್ವ ಬೈಯಲಿಲ್ಲ. ನನ್ನ ಮೊಣಕಾಲ ಮೇಲೆ ಕೈಯಿಟ್ಟು, ಮೇಕೆ ಜೋಳ ಮುಗಿಸಿ ಹೋಗುವವರೆಗೆ ತೆಗೆಯಲಿಲ್ಲ.

ಅದಾದ ಮೇಲೆ ಕಾಲು ಪಾಠ ಮರೆಯಲಿಲ್ಲ. ಪಟ್ಟಿ ಕಟ್ಟಿ ಪರೀಕ್ಷೆ ಮಾಡಿದರು, ಪಾಸಾದೆ. ಅವ್ವನಿಗೆ ಬಿಡುಗಡೆಯ ದಿನ ಕೇಳಿದಾಗ ಅವಳು ಆಯುಧಪೂಜೆ ಅಂದಳು. ಬಯಲಿನಲ್ಲಿ ತನ್ನ ಕೈಗಾಡಿಗೆ ತಾನೇ ಪೂಜೆ ಮಾಡಿ, ಆಮೇಲೆ ಆಕ್ಸಿಲರೇಟರ್ ಮೇಲೆ ಕಾಲಿಡುವುದು ಅವಳ ಲೆಕ್ಕ. ಬಣಕಾರ್ ಸರ್ ತಲೆ ಕೆರೆದುಕೊಂಡರು. ಅವರ ಭಯಕ್ಕೆ ಕಾರಣವಿತ್ತು. ತಾನೋಡಿ ಬಂದು ಇಷ್ಟು ವರ್ಷವಾದರೂ ನಮ್ಮ ಜನ ಪೂಜೆ ಬಿಟ್ಟಿಲ್ಲ. ಗಾಡಿಯ ಕಣ್ಣುಗಳ ಮೇಲೇ ವಿಭೂತಿ ಬಳಿಯುತ್ತಾರೆ, ಚೆಂಡುಹೂವಿನ ಹಾರ ಇಳಿಬಿಡುತ್ತಾರೆ, ಎರಡು ಬದಿಗೆ ಬಾಳೆಕಂದು ಕಟ್ಟುತ್ತಾರೆ, ನಾಲ್ಕು ಚಕ್ರದ ಕೆಳಗೆ ನಿಂಬೆಹಣ್ಣು. ಆಮೇಲೆ ಬೂದುಗುಂಬಳಕಾಯಿಗೆ ತೂತು ಕೊರೆದು ಕುಂಕುಮ ತುಂಬಿ, ಗಾಡಿಗೆ ನಿವಾಳಿಸಿ, ರಸ್ತೆಯ ಮಧ್ಯೆ ಅಪ್ಪಳಿಸುತ್ತಾರೆ. ಬಿಳಿ ತಿರುಳು, ಕೆಂಪು ನೀರು. ಯಂತ್ರಕ್ಕೆ ಅದು ಏನಾಗಿ ಕಾಣಿಸುತ್ತದೆ ಅಂತ ನೀವೇ ಊಹಿಸಿಕೊಳ್ಳಿ. ಊರಿನ ತಾನೋಡಿಗಳೆಲ್ಲ ಒಟ್ಟಿಗೆ ಅನುಮಾನಪಡುವ ದಿನ ಅದೊಂದೇ.

ಅವ್ವ ಒಂದು ವಾರ ನನಗೆ ನಿಂಬೆಹಣ್ಣು ಹತ್ತಿಸುವುದನ್ನು, ಕುಂಬಳಕಾಯಿ ದಾಟುವುದನ್ನು ಕಲಿಸಿದಳು. ಹೊರಡುವ ಬೆಳಗ್ಗೆ ಕಾಲುಮನೆಗೇ ಬಂದು ತಾನೇ ನನ್ನ ಪಾದಕ್ಕೆ ಪಟ್ಟಿ ಕಟ್ಟಿದಳು. ಹೊಸ ಸೀರೆ, ಒಂದೇ ಒಂದು ಬ್ಯಾಗು. ಕುರ್ಚಿಯಲ್ಲಿ ಅವಳ ಮೈಯ ಅಚ್ಚು ಬಿದ್ದಿತ್ತು, ನಾನು ಅದರೊಳಗೆ ಕೂತೆ. ಸಡಿಲವಾಗಿತ್ತು.

"ಅವ್ವಾ, ಈ ಊರು ಇನ್ಮ್ಯಾಲೆ ನನ್ನ ಕಾಲ ಕೆಳಗೆ" ಅಂದೆ.

"ಕೆಳಗಲ್ಲಲೇ, ಮ್ಯಾಲೆ" ಅಂದಳು. "ಹೆದರಿಕಿ ಬಂದ್ರ ನಾಚ್ಕೋಬ್ಯಾಡ. ಈ ಕೆಲಸಕ್ಕ ಹೆದರಿಕಿನೇ ಬಂಡವಾಳ." ಮತ್ತೆ ಅಡುಗೆಮನೆಯಲ್ಲಿ ಚಟ್ನಿಪುಡಿ ಎಲ್ಲಿದೆ, ಗ್ಯಾಸು ಯಾವಾಗ ತಿರುಗಿಸಬೇಕು, ಒಳಚಡ್ಡಿ ಒಗೆಯದೆ ಮಡಚಿಡಬಾರದು, ಇದನ್ನೆಲ್ಲ ಬಣಕಾರ್ ಸರ್ ಎದುರಿಗೇ ಹೇಳಿದಳು. ಬಾಗಿಲು ಮುಚ್ಚಿಕೊಂಡಿತು.

ಬೆಳಗಿನ ಹೊತ್ತು ನಾನು ಏನು ಆಡಿದೆ ಅಂತೀರಿ. ನಿಂಬೆಹಣ್ಣು ಬಂತು, ಕಾಲು ಹಗುರ. ಹಾರ ಮುಚ್ಚಿದ ಕಣ್ಣು ಬಂತು, ಹಗುರ. ನಡುರಸ್ತೆಯಲ್ಲಿ ಮಂಗಳಾರತಿ ತಟ್ಟೆ ಹಿಡಿದು ಹಿಂದಕ್ಕೆ ಹೆಜ್ಜೆಯಿಟ್ಟ ಅಜ್ಜಿ ಬಂದಳು, ಕಾಲು ತಾನಾಗಿ ಇಳಿಯಿತು, ಅಜ್ಜಿ ದಾಟಿದಳು, ಕಾಲು ಎದ್ದಿತು. ಬಣಕಾರ್ ಸರ್ ನನ್ನ ಹಿಂದೆ ನಿಂತು ಮಂಡಕ್ಕಿ ತಿನ್ನುತ್ತಾ, ಏನಪಾ ಹೀರೋ, ನಿಮ್ಮವ್ವನ್ನ ಮೀರಿಸ್ತೀಯ ಅಂದರು.

ಮಧ್ಯಾಹ್ನದ ಹೊತ್ತಿಗೆ ಹದಡಿ ರಸ್ತೆಯಲ್ಲಿ ಯಾರೋ ಒಂದು ದೊಡ್ಡ ಕುಂಬಳಕಾಯಿ ಒಡೆದರು. ಪರದೆಯ ತುಂಬ ಕೆಂಪು. ನನ್ನ ಕಾಲು ಇಳಿಯಿತು.

ಇಳಿದದ್ದು ಏಳಲಿಲ್ಲ.

ಕುಂಬಳಕಾಯಿ ಅಂದರೆ ಅಪಾಯ ಅಂತ ಯಂತ್ರ ತೀರ್ಮಾನಿಸಿತು. ಆ ದಿನ ದಾವಣಗೆರೆಯಲ್ಲಿ ಒಡೆದ ಕುಂಬಳಕಾಯಿ ಇಲ್ಲದ ರಸ್ತೆಯೇ ಇರಲಿಲ್ಲ. ಹೂವಿನ ಹಾರ ಹಾಕಿಕೊಂಡ ಗಾಡಿಗಳು ಇದ್ದಲ್ಲೇ ನಿಂತವು. ಬಾಗಿಲು ತೆರೆಯಲಿಲ್ಲ, ಅಪಾಯದ ಹೊತ್ತಿನಲ್ಲಿ ಜನ ರಸ್ತೆಗೆ ಇಳಿದು ಸಾಯಬಾರದೆಂದು ಅವನ್ನು ಹಾಗೆ ಮಾಡಿಟ್ಟಿದ್ದಾರೆ. ರೂಮಿನ ಫೋನುಗಳೆಲ್ಲ ಒಟ್ಟಿಗೆ ಬಾಯಿಬಿಟ್ಟವು. ಒಂದು ಗಾಡಿಯೊಳಗೆ ಒಂದೇ ಕುಟುಂಬದ ಎಂಟು ಜನ, ಮಡಿಲಲ್ಲಿ ಬಿಸಿ ಹೋಳಿಗೆಯ ಪಾತ್ರೆ. ಇನ್ನೊಂದರಲ್ಲಿ ಮೂತ್ರಕ್ಕೆ ಅವಸರವಾದ ಹಿರಿಯರು. ವಿದ್ಯಾನಗರದಲ್ಲಿ ಒಬ್ಬರು ಪೂಜೆಯ ತೆಂಗಿನಕಾಯಿಯಿಂದ ಕಿಟಕಿ ಗಾಜು ಒಡೆಯಲು ನೋಡಿದರು, ಕಾಯಿ ಒಡೆಯಿತು. ಅಕ್ಕಪಕ್ಕದ ಗಾಡಿಯವರು ಗಾಜಿನ ಆಚೆಯಿಂದ ಒಬ್ಬರನ್ನೊಬ್ಬರು ನೋಡುತ್ತಿದ್ದರು, ಬಾಯಿ ಅಲ್ಲಾಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಒಂದು ಹುಡುಗಿ ಮಾತ್ರ ಗಾಜಿಗೆ ಕೆನ್ನೆ ಒತ್ತಿಕೊಂಡು ಸುಮ್ಮನೆ ಕೂತಿದ್ದಳು. ನನ್ನ ಎದುರಿಗಿನ ಪರದೆಗಳಲ್ಲಿ ಇದೆಲ್ಲ ಸಾಲುಸಾಲಾಗಿ ಕಾಣುತ್ತಿತ್ತು, ನಾನು ನನ್ನ ಕಾಲನ್ನು ನೋಡುತ್ತಿದ್ದೆ. ಅದು ನನ್ನದಾಗಿರಲಿಲ್ಲ. ಎಳೆದು ಎತ್ತಿದರೆ ಮೇಲೆ ಬರುತ್ತಿತ್ತು, ಆದರೆ ಒಳಗಿನ ನರ ಒತ್ತಿಕೊಂಡೇ ಇತ್ತು. ಯಂತ್ರ ಕೇಳುವುದು ಅದರ ಮಾತನ್ನು.

ಬಣಕಾರ್ ಸರ್ ಮೊದಲು, ಎತ್ತಲೇ ಕಾಲ ಅಂದರು. ಸ್ವಲ್ಪ ಹೊತ್ತಿಗೆ, ಎತ್ತಪಾ ರಾಜಾ ಅಂದರು. ಶಾಸಕರ ಫೋನು ಬಂದ ಮೇಲೆ, ದಯವಿಟ್ಟು ಎತ್ತಿ ಸರ್ ಅಂತ ನನಗೇ ಕೈಮುಗಿದರು. ಪಾದಕ್ಕೆ ತಣ್ಣೀರು ಹೊಯ್ದರು, ಎಣ್ಣೆ ತಿಕ್ಕಿದರು, ಪೂಜೆಗೆ ತಂದ ನವಿಲುಗರಿಯಿಂದ ಕಚಗುಳಿ ಇಟ್ಟರು. ನಾನು ನಕ್ಕೆ, ಕಾಲು ನಗಲಿಲ್ಲ. ಪಟ್ಟಿ ಬಿಚ್ಚಿದರೆ ಪ್ರಯೋಜನವಿಲ್ಲ, ಯಂತ್ರ ಕೊನೆಗೆ ಕೇಳಿದ ಮಾತನ್ನೇ ನಂಬಿಕೊಂಡು ಕೂರುತ್ತದೆ. ಬೆವರಿನಲ್ಲಿ ಅಂಗಿ ಕುರ್ಚಿಗೆ ಅಂಟಿತ್ತು. ಹೀರೋ ಸೆರೆಮನೆಯಿಂದ ಒದ್ದುಕೊಂಡು ಹೊರಬರುವ ದೃಶ್ಯ ಎಷ್ಟೋ ನೋಡಿದ್ದೇನೆ. ಒದೆಯಬೇಕಾದ ಕಾಲೇ ಬಾಗಿಲಾದರೆ ಏನು ಮಾಡಬೇಕು ಅಂತ ಯಾವ ಸಿನಿಮಾದಲ್ಲೂ ತೋರಿಸಿಲ್ಲ.

ಅವ್ವನ ಗ್ರಹಚಾರ ನೋಡಿ, ಅವಳೂ ಸಿಕ್ಕಿಬಿದ್ದಿದ್ದಳು. ನೆರೆಹೊರೆಯವರಿಗೆಲ್ಲ ಹೇಳಿ ತಡವಾಗಿ ಹೊರಟ ಅವಳ ತಾನೋಡಿ ಆವರಗೆರೆ ದಾಟಿ, ಊರಿನ ಗಡಿಯ ಈಚೆ ನಿಂತಿತ್ತು. ಗಡಿಯ ಆಚೆ ಗಾಡಿಗಳು ಚಿತ್ರದುರ್ಗದ ಕಾಲಿಗೆ ಸೇರುತ್ತವೆ. ಇನ್ನು ನಾಲ್ಕು ಮಾರು ಹೋಗಿದ್ದರೆ ಅವಳು ಪಾರು. ಗಡಿಯ ಹತ್ತಿರದ ಲಾರಿ ಶೆಡ್ಡಿನವರು ಒಡೆದ ಕುಂಬಳಕಾಯಿ ಅವಳ ಎದುರಿಗೂ ಬಿದ್ದಿತ್ತು.

ಅವಳೇ ಫೋನ್ ಮಾಡಿದಳು. ಬಣಕಾರ್ ಸರ್ ಸ್ಪೀಕರ್ ಹಾಕಲು ಹೋದರು, ನಾನು ಬೇಡ ಅಂತ ಕಿವಿಗೆ ಹಿಡಿದುಕೊಂಡೆ.

"ಯಾಕ್ಲೇ, ಏನಾತು?"

"ಕುಂಬಳಕಾಯಿ" ಅಂದೆ.

ಅವಳು ಫೋನು ಇಡಲಿಲ್ಲ. ಗಾಡಿಯೊಳಗೆ ಎಸಿ ಗುಂಯ್‌ಗುಡುವುದು ಕೇಳುತ್ತಿತ್ತು.

ಅಷ್ಟರಲ್ಲಿ ಪಾಲಿಕೆಯವರು ಪೊರಕೆ ಹಿಡಿದುಕೊಂಡು ನಡೆದೇ ಹದಡಿ ರಸ್ತೆಗೆ ಬಂದರು, ಕುಂಬಳಕಾಯಿ ಗುಡಿಸಿದರು, ನನ್ನ ಕಾಲು ಎದ್ದಿತು, ಊರು ಹೊರಟಿತು. ರೂಮಿನಲ್ಲಿ ಚಪ್ಪಾಳೆ. ಹೊರಗೆ ನನ್ನ ಹೆಸರು ಹಿಡಿದು ಬೈಗುಳ, ಅದೂ ಒಂದು ಪ್ರಚಾರವೇ. ಮುಂದಿನ ವರ್ಷದಿಂದ ರಸ್ತೆಯಲ್ಲಿ ಕುಂಬಳಕಾಯಿ ಒಡೆಯುವಂತಿಲ್ಲ ಅಂತ ಆದೇಶವಾಗಿದೆ. ನನ್ನ ಕಾಲಿನಷ್ಟು ಸೂಕ್ಷ್ಮವಾದ ಕಾಲು ರಾಜ್ಯದಲ್ಲೇ ಇಲ್ಲ, ಸ್ವಲ್ಪ ಪಳಗಬೇಕು ಅಷ್ಟೇ ಅಂತ ಬಣಕಾರ್ ಸರ್ ವರದಿ ಕೊಟ್ಟಿದ್ದಾರೆ. ಪಳಗುವವರೆಗೆ ಕುರ್ಚಿಯಲ್ಲಿ ಅವ್ವ. ಅವಳ ಆದೇಶಕ್ಕೆ ಹೊಸ ದಿನಾಂಕ ಬಿದ್ದಿದೆ. ನನಗೆ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಸ್ಟೂಲು. ರುಕ್ಸಾನಾ ಆಂಟಿಯ ಪಕ್ಕದ ಮನೆಗೆ ಕೊಪ್ಪಳದ ಒಬ್ಬ ಬಸ್ ಡ್ರೈವರ್ ಬಂದಿದ್ದಾರಂತೆ.

ಊರಿಗೆಲ್ಲ ಗೊತ್ತಿರುವ ಕಥೆ ಇದು. ಇಲ್ಲಿಗೆ ಮುಗಿಸಿದರೆ ನನಗೂ ಅನುಕೂಲ.

ಆದರೆ ಆ ಬೆಳಗ್ಗೆಯಿಂದ ನನ್ನ ಕಾಲು ಲೆಕ್ಕವಿಲ್ಲದಷ್ಟು ಕುಂಬಳಕಾಯಿಗಳನ್ನು ದಾಟಿತ್ತು. ಅವ್ವ ಅಷ್ಟು ಚೆನ್ನಾಗಿ ಕಲಿಸಿದ್ದಳು. ದೊಡ್ಡದು, ಸಣ್ಣದು, ಅರ್ಧ ಒಡೆದದ್ದು, ಒಂದಕ್ಕೂ ಅದು ಮಿಸುಕಿರಲಿಲ್ಲ. ಯಾರೂ ಇದರ ಬಗ್ಗೆ ನನ್ನನ್ನು ಕೇಳಲಿಲ್ಲ.

ಪರದೆಯ ಬಲಮೂಲೆಯಲ್ಲಿ ನಾನು ಅವ್ವನ ಗಾಡಿಯನ್ನು ಸಣ್ಣದಾಗಿ ಇಟ್ಟುಕೊಂಡಿದ್ದೆ. ಹಾಗೆ ಮಾಡಬಾರದು, ಆದರೆ ಮಾಡಿದ್ದೆ. ಒಂದು ಹಸಿರು ಚುಕ್ಕಿ. ಅದು ಆವರಗೆರೆ ದಾಟಿತು. ಗಡಿಗೆ ಹತ್ತಿರವಾಯಿತು. ದಾಟಿದ ಕೂಡಲೇ ನನ್ನ ಪರದೆಯಿಂದ ಹೋಗಿಬಿಡುತ್ತದೆ ಅಂತ ತಲೆಗೆ ಗೊತ್ತಿತ್ತು, ತಲೆ ಸುಮ್ಮನಿತ್ತು. ನಾನು ಡೈಲಾಗು ಯೋಚಿಸುತ್ತಿದ್ದೆ ಕೂಡ, ಅವಳು ಹೋದ ಮೇಲೆ ಬಣಕಾರ್ ಸರ್ ಎದುರು ಹೊಡೆಯಲಿಕ್ಕೆ. ಆಗ ಕಾಲು ಇಳಿಯಿತು. ಆ ಗಳಿಗೆಯಲ್ಲಿ ಪರದೆಯ ನಡುವೆ ಇದ್ದದ್ದು ಹದಡಿ ರಸ್ತೆಯ ಕುಂಬಳಕಾಯಿ. ಯಂತ್ರ ಪಾಪ ಅದಕ್ಕೇ ಅಂದುಕೊಂಡಿತು.

ಪಾಲಿಕೆಯವರು ಗುಡಿಸಿದ ಮೇಲೂ ಕಾಲು ಏಳಲಿಲ್ಲ. ತೊಳೆದ ರಸ್ತೆಯನ್ನು ಪರದೆಯ ತುಂಬ ತೋರಿಸಿದರು, ಆಗಲೂ ಇಲ್ಲ. ಅವ್ವ ಇನ್ನೂ ಫೋನಿನಲ್ಲಿದ್ದಳು. ಏನು ತಿಳಿದುಕೊಂಡಳೋ, ಬೈಯಲೂ ಇಲ್ಲ, ಬುದ್ಧಿಯನ್ನೂ ಹೇಳಲಿಲ್ಲ.

"ವಾಪಸ್ ಬರಾಕತ್ತೀನಿ ಬಿಡು. ಅನ್ನಕ್ಕ ಇಡು."

ಇದರಲ್ಲಿ ಅನ್ನದ ಮಾತು ನನಗೆ ಕೇಳಿಸಿದ್ದು ಆಮೇಲೆ. ಅಷ್ಟರಲ್ಲಿ ಕಾಲು ಎದ್ದಿತ್ತು.